ಮಾತ್ರೆ ಊರಿಗೆ ಬಂತು, ಮಾತು ಬೆಂಗಳೂರಲ್ಲೇ ಉಳಿಯಿತು

ಕೆಲವು ವರ್ಷಗಳ ಹಿಂದೆ ನಾವು ಒಂದು ಸುದ್ದಿ ಬರೆದಿದ್ದೆವು. ಎಂಟು ಸಾಲಿನ ಸುದ್ದಿ. ‘ಮಾನಸಿಕ ಅಸ್ವಸ್ಥನಿಂದ ಮೊಬೈಲ್ ಟವರ್‌ಗೆ ಕಲ್ಲು’ ಎಂಬುದು ತಲೆಬರಹ. ಪೊಲೀಸರು ಹೇಳಿದ್ದು, ಪಂಚಾಯ್ತಿ ಸದಸ್ಯರು ಹೇಳಿದ್ದು, ಅಕ್ಕಪಕ್ಕದ ಮನೆಯವರು ಹೇಳಿದ್ದು ಎಲ್ಲ ಅದರಲ್ಲಿತ್ತು. ಹುಡುಗನ ಹೆಸರು, ಅವನಪ್ಪನ ಹೆಸರು, ಊರು ಕೂಡ ಇತ್ತು.

ವಾರ ಕಳೆದ ಮೇಲೆ ಹಾಲಿನ ಡೇರಿ ಮುಂದೆ ಅವನ ತಾಯಿ ಸಿಕ್ಕರು. ಜಗಳ ಆಡಲಿಲ್ಲ, ಅಳಲಿಲ್ಲ. “ಎಲ್ರುನ್ನೂ ಕೇಳಿ ಬರ್ದ್ಯಲ್ಲಪ್ಪ, ಅವನ್ನ ಒಂದ್ ಮಾತು ಕೇಳಿದ್ಯಾ?” ಅಂದರು.

ಕೇಳಿರಲಿಲ್ಲ. ‘ತಲೆ ಕೆಟ್ಟವನನ್ನು ಏನು ಕೇಳುವುದು’ ಅಂತಲೇ ಅಂದುಕೊಂಡಿದ್ದೆವು. ಜರ್ನಲಿಸಂ ಡಿಪ್ಲೊಮಾದಲ್ಲಿ ‘ಎರಡೂ ಕಡೆಯವರನ್ನು ಮಾತಾಡಿಸಿ’ ಎಂದು ಹೇಳಿಕೊಟ್ಟಿದ್ದರು. ಇಂಥವರ ವಿಷಯ ಬಂದಾಗ ಮಾತ್ರ ಆ ಪಾಠ ಯಾರಿಗೂ ನೆನಪಾಗುವುದಿಲ್ಲ.

ಈಗ ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಊರು ಬೇಡ ಎಂದಿದ್ದಾನೆ. ಅವನದು ಕನಕಪುರ ತಾಲ್ಲೂಕಿನ ರೇಷ್ಮೆ ಸಾಕುವ ಮನೆ ಅನ್ನುವಷ್ಟು ಹೇಳಿದರೆ ಸಾಕು. ಅವನು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿ ಬಿಟಿಎಂ ಲೇಔಟ್‌ನ ಒಂದು ಪಿಜಿಯಲ್ಲಿ ಇದ್ದ. ಅಲ್ಲಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೊದಮೊದಲು ಪಕ್ಕದ ರೂಮಿನವರು ತನ್ನ ಬಗ್ಗೆ ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಯಾರೂ ಇಲ್ಲದಾಗಲೂ ದನಿ ಕೇಳತೊಡಗಿತು. ಫೋನಿನ ಮೂಲಕ ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ನಂಬಿಕೆ ಬಲವಾಯಿತು. ಊರಿಗೆ ವಾಪಸ್ ಬಂದ. ಊರಲ್ಲೂ ಟವರ್ ಇತ್ತು.

ಇದಕ್ಕೆ ವೈದ್ಯರು ಸೈಕೋಸಿಸ್ ಅನ್ನುತ್ತಾರೆ. ದೀರ್ಘಕಾಲ ಇದ್ದು, ಯೋಚನೆ, ಭಾವನೆ, ಕೆಲಸ ಎಲ್ಲವನ್ನೂ ಕೆಡಿಸುವ ಒಂದು ಬಗೆಗೆ ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ನಮ್ಮ ಕಡೆ ಗಾಳಿ ಸೋಕು, ಮಾಟ, ಇಲ್ಲವೇ ಬರೀ ‘ಹುಚ್ಚು’ ಎಂದು ಮುಗಿಸುತ್ತೇವೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಇಂಥ ಕಾಯಿಲೆ ಬಂದವರು ನೂರಕ್ಕೆ 1.4 ಮಂದಿ. ಸಾವಿರ ಜನರ ಊರಾದರೆ ಹತ್ತಕ್ಕಿಂತ ಹೆಚ್ಚು ಜನ ಎಂದಾಯಿತು. ಅಂದರೆ ನಿಮ್ಮ ಊರಲ್ಲೂ ಇದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು.

ಹುಡುಗನಿಗೆ ಚಿಕಿತ್ಸೆ ಸಿಕ್ಕಿತು. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ನಿದ್ದೆ ಬಂತು, ಹೆದರಿಕೆ ತಗ್ಗಿತು. ದನಿ ಮಾತ್ರ ಪೂರ್ತಿ ಹೋಗಲಿಲ್ಲ. ಮಾತ್ರೆ ತೆಗೆದುಕೊಂಡರೂ ದನಿ ಉಳಿಯುವವರು ಅನೇಕರಿದ್ದಾರೆ. ವೈದ್ಯರು “ಮಾತ್ರೆ ಬಿಡಬೇಡಿ, ಜೊತೆಗೆ ಸಿಬಿಟಿ ಮಾಡಿಸಿದರೆ ಒಳ್ಳೆಯದು” ಅಂದರು. ಅವನ ತಾಯಿ ಅದನ್ನೊಂದು ಸ್ಕ್ಯಾನಿಂಗ್ ಎಂದೇ ತಿಳಿದಿದ್ದರು.

ಸಿಬಿಟಿ ಸ್ಕ್ಯಾನಿಂಗ್ ಅಲ್ಲ, ಇಂಜೆಕ್ಷನ್ನೂ ಅಲ್ಲ. ಅದು ಮಾತಿನ ಚಿಕಿತ್ಸೆ. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಎಂದು ಕರೆಯುತ್ತಾರೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದನ್ನು ಬೆಳೆಸಿದವರು. ತಮ್ಮ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎಂದು ನಂಬಿದ್ದ ಒಬ್ಬ ರೋಗಿಯನ್ನು ಮಾತಿನ ಮೂಲಕ ಹೇಗೆ ನೋಡಿಕೊಂಡೆ ಎಂದು ಅವರು ಬರೆದದ್ದು 1952ರಲ್ಲಿ. ಮುಂದೆ 1990ರ ದಶಕದಲ್ಲಿ ಬ್ರಿಟನ್ನಿನ ವೈದ್ಯರು ಇದನ್ನು ಸೈಕೋಸಿಸ್‌ಗೆ ಹೊಂದುವ ಹಾಗೆ ರೂಪಿಸಿದರು.

ಅಲ್ಲಿ ಏನು ನಡೆಯುತ್ತದೆ? ಹುಡುಗ ನಮಗೆ ಹೇಳಿದ್ದನ್ನೇ ಹೇಳುತ್ತೇವೆ.

ಮೊದಲ ದಿನ “ಅದೆಲ್ಲ ಸುಳ್ಳು, ನಿನ್ನ ಭ್ರಮೆ” ಎಂದು ಅವರು ಅನ್ನಲಿಲ್ಲವಂತೆ. “ಹೌದು, ಟವರ್ ನಿನ್ನನ್ನೇ ನೋಡ್ತಿದೆ” ಅಂತಲೂ ಅನ್ನಲಿಲ್ಲ. “ದನಿ ಯಾವಾಗ ಕೇಳುತ್ತೆ? ಗಂಡಸಿನದಾ, ಹೆಂಗಸಿನದಾ? ಏನನ್ನುತ್ತೆ? ಆಗ ನಿನಗೆ ಏನನ್ನಿಸುತ್ತೆ? ಆಮೇಲೆ ನೀನು ಏನು ಮಾಡ್ತೀಯ?” ಎಂದು ಕೇಳಿದರು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾ ಅಂದರು.

ಎರಡು ವಾರ ಬರೆದ ಮೇಲೆ ಅವನಿಗೇ ಒಂದು ಲೆಕ್ಕ ಕಾಣಿಸಿತು. ನಿದ್ದೆಗೆಟ್ಟ ಮಾರನೇ ದಿನ, ಅಪ್ಪ ಬೈದ ದಿನ, ಒಬ್ಬನೇ ಸುಮ್ಮನೆ ಕೂತ ಹೊತ್ತಿನಲ್ಲಿ ದನಿ ಜಾಸ್ತಿ. ಹುಳುವಿಗೆ ಸೊಪ್ಪು ಹಾಕುವಾಗ, ಯಾರೊಂದಿಗಾದರೂ ಮಾತಾಡುತ್ತಿರುವಾಗ ಕಮ್ಮಿ. ಅಂದರೆ ಅದು ಹೊರಗಿನ ಟವರ್‌ನ ಹಿಡಿತದಲ್ಲಿಲ್ಲ. ತನ್ನ ನಿದ್ದೆ, ತನ್ನ ಗಾಬರಿ, ತನ್ನ ಕೆಲಸಕ್ಕೂ ಅದಕ್ಕೂ ನಂಟಿದೆ.

ಆಮೇಲೆ ನಂಬಿಕೆಯನ್ನು ತೂಗಿ ನೋಡುವ ಕೆಲಸ. “ಟವರ್ ನಿನ್ನನ್ನು ಗಮನಿಸ್ತಿದೆ ಅನ್ನೋದು ನೂರಕ್ಕೆ ಎಷ್ಟು ನಿಜ ಅನ್ಸುತ್ತೆ?” ಎಂದು ಕೇಳಿದರು. ನೂರಕ್ಕೆ ನೂರು ಅಂದ. “ಹಾಗನ್ನಿಸೋಕೆ ಏನು ಕಾರಣ? ಬೇರೆ ಕಾರಣವೂ ಇರಬಹುದಾ? ಪರೀಕ್ಷೆ ಮಾಡೋದು ಹೇಗೆ?” ಎಂದು ಇಬ್ಬರೂ ಕೂತು ಯೋಚಿಸಿದರು. ಕೆಲವು ಭೇಟಿಗಳ ನಂತರ ನೂರು ಅರವತ್ತಕ್ಕೆ ಬಂತು. ಸೊನ್ನೆಗೆ ಬರಲಿಲ್ಲ. ಆದರೆ ಅರವತ್ತಕ್ಕೆ ಬಂದ ಮೇಲೆ ಅವನು ಕಲ್ಲು ಎತ್ತಲಿಲ್ಲ.

ದನಿ ಬಂದಾಗ ಏನು ಮಾಡಬೇಕು ಅನ್ನುವುದನ್ನೂ ಕಲಿಸಿದರು. ಹಾಡು ಗುನುಗುವುದು, ರೇಡಿಯೊ ಹಾಕುವುದು, ಯಾರನ್ನಾದರೂ ಮಾತಿಗೆ ಎಳೆಯುವುದು. ಬಸ್ಸಿನಲ್ಲಿ ದನಿಗೆ ಉತ್ತರ ಕೊಡಲೇಬೇಕು ಅನ್ನಿಸಿದರೆ ಫೋನ್ ಕಿವಿಗಿಟ್ಟುಕೊಂಡು ಉತ್ತರಿಸುವುದು. ಈಗ ಬಸ್ಸಿನಲ್ಲಿ ಯಾರು ತಾನೇ ಫೋನಿನಲ್ಲಿ ಮಾತಾಡುವುದಿಲ್ಲ? ಅವನನ್ನು ಯಾರೂ ತಿರುಗಿ ನೋಡುವುದಿಲ್ಲ.

ದನಿಯನ್ನು ಬೇರುಸಹಿತ ಕಿತ್ತುಹಾಕುವುದು ಈ ಚಿಕಿತ್ಸೆಯ ಗುರಿಯಲ್ಲ. ದನಿ ಬಂದರೂ ಅದು ಹೇಳಿದ ಹಾಗೆ ಕುಣಿಯದೆ ಬದುಕುವುದನ್ನು ಕಲಿಸುವುದು ಗುರಿ. ಮಾತ್ರೆಗೆ ಇದು ಬದಲಿಯಲ್ಲ, ಜೊತೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ ಸ್ಕಿಜೋಫ್ರೇನಿಯಾ ಮತ್ತು ಸೈಕೋಸಿಸ್ ಇರುವ ಎಲ್ಲರಿಗೂ ಸಿಬಿಟಿ ಸಿಗಬೇಕು, ಕನಿಷ್ಠ 16 ಭೇಟಿಗಳಿರಬೇಕು ಎಂದು 2014ರ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಯವರನ್ನು ಕೂರಿಸಿಕೊಂಡು ಮಾಡುವ ಚಿಕಿತ್ಸೆಯನ್ನೂ ಸೇರಿಸಿದೆ. ನಮ್ಮ ಹುಡುಗ ಹೋಗಿದ್ದು ಐದು ಭೇಟಿಗೆ ಮಾತ್ರ. ಅಲ್ಲಿಗೆ ನಿಂತಿತು.

ಯಾಕೆ ನಿಂತಿತು ಅನ್ನುವುದೇ ಈ ಬರಹದ ವಿಷಯ.

ನಮ್ಮ ಕಡೆಯಿಂದ ಬಸ್ಸು ಹತ್ತಿದರೆ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ, ಕಗ್ಗಲೀಪುರ, ಕೋಣನಕುಂಟೆ ಕ್ರಾಸ್, ಸಾರಕ್ಕಿ ದಾಟಿ ಬನಶಂಕರಿಗೆ ಬರುತ್ತೇವೆ. ಈ ದಕ್ಷಿಣ ಬೆಂಗಳೂರಿನಲ್ಲಿ ಮನಸ್ಸಿಗೆ ಬೇಕಾದ ನೆರವೆಲ್ಲ ಒಂದೇ ಕಡೆ ಗುಡ್ಡೆ ಹಾಕಿದ ಹಾಗಿದೆ. ಜಯನಗರ ದಾಟಿದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರ. ಕಾಯಿಲೆಯಿಂದ ಚೇತರಿಸಿಕೊಳ್ಳುವವರು ಇದ್ದು ಬದುಕು ಕಲಿಯಲು ಜಯನಗರದಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯ ಪುನರ್ವಸತಿ ಮನೆ. ಜೆ.ಪಿ. ನಗರದ ಕಡೆ ಹೋದರೆ ಖಾಸಗಿ ಆಪ್ತಸಮಾಲೋಚಕರ ಬೋರ್ಡುಗಳು.

2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟರು. ಹೆಸರು ಬಂತು. ಆ ಬೆಂಗಳೂರು ದಕ್ಷಿಣದಲ್ಲಿ ಸಿಗುವ ಚಿಕಿತ್ಸೆ ಈ ಬೆಂಗಳೂರು ದಕ್ಷಿಣಕ್ಕೆ ಇನ್ನೂ ಬರಬೇಕು.

ಹುಡುಗ ಹೋಗುತ್ತಿದ್ದ ಖಾಸಗಿ ಜಾಗದಲ್ಲಿ ಒಂದು ಭೇಟಿಗೆ 1500 ರೂಪಾಯಿ. 16 ಭೇಟಿಗೆ 24,000. ಬಸ್ ಚಾರ್ಜು ಬೇರೆ. ಜೊತೆಗೆ ಬರುವ ತಾಯಿಯ ಒಂದು ದಿನದ ಕೂಲಿ ಬೇರೆ. ದುಡ್ಡಿಗಿಂತ ದೊಡ್ಡ ತೊಂದರೆ ದಿನದ್ದು. ರೇಷ್ಮೆ ಸಾಕಿದವರಿಗೆ ಗೊತ್ತು, ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೂ ಸೊಪ್ಪು ಬೇಕು, ಮನೆ ಬಿಟ್ಟು ಅಲುಗಾಡುವ ಹಾಗಿಲ್ಲ. ಒಂದು ವಾರ ತಪ್ಪಿತು, ಎರಡನೇ ವಾರ ತಪ್ಪಿತು, ಮೂರನೇ ವಾರ ಇನ್ನು ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಸುಮ್ಮನಾದರು.

ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿನ ಚಿಂತೆ ಅಷ್ಟಿಲ್ಲ. ಆದರೆ ಹತ್ತಾರು ಜಿಲ್ಲೆ, ನಾಲ್ಕಾರು ರಾಜ್ಯದಿಂದ ಬಂದವರ ಸಾಲಿನಲ್ಲಿ ನಿಂತು, ವಾರಕ್ಕೊಮ್ಮೆ ಒಂದು ಗಂಟೆ ಮಾತಾಡಿ ಬರುವುದು ಹಳ್ಳಿಯವರಿಗೆ ಆಗುವ ಮಾತಲ್ಲ. ತಪ್ಪು ಅಲ್ಲಿನ ವೈದ್ಯರದ್ದಲ್ಲ. ಮಾತಾಡುವವರು ಒಂದೇ ಕಡೆ ಇದ್ದು, ಮಾತು ಬೇಕಾದವರು ಎಲ್ಲ ಕಡೆ ಇದ್ದರೆ ಹೀಗೇ ಆಗುವುದು.

ಇದಕ್ಕೆ ದಾರಿ ಇಲ್ಲವೇ? ಇದೆ. ಮಾತ್ರೆ ಊರಿಗೆ ಬಂದ ದಾರಿಯೇ ಇದಕ್ಕೂ ದಾರಿ.

ಒಂದು ಕಾಲಕ್ಕೆ ಈ ಕಾಯಿಲೆಗೆ ಮಾತ್ರೆಯೂ ದೊಡ್ಡ ಆಸ್ಪತ್ರೆಯಲ್ಲೇ ಸಿಗಬೇಕಿತ್ತು. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ದಕ್ಷಿಣಕ್ಕೆ, ಆನೇಕಲ್ ಕಡೆಯ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು, ಮಾತ್ರೆ ಕೊಡುವುದನ್ನು ಕಲಿಸಿದರು. ‘ಹಳ್ಳಿಯ ವೈದ್ಯರಿಂದ ಇದೆಲ್ಲ ಆಗುತ್ತಾ’ ಅನ್ನುವ ಅನುಮಾನಕ್ಕೆ ಕೆಲಸದಿಂದಲೇ ಉತ್ತರ ಸಿಕ್ಕಿತು. 1980ರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಬಳ್ಳಾರಿಯ ಮಾದರಿ ಹಿಡಿದು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮುಂದೆ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲಿ ಹುಡುಕಿ ಚಿಕಿತ್ಸೆಗೆ ತಂದಿತು. ಎಷ್ಟೋ ವರ್ಷ ಮೂಲೆಯಲ್ಲಿ ಕೂತವರು ಎದ್ದು ಕೆಲಸಕ್ಕೆ ಹೋದದ್ದು ಹೀಗೆ.

ನಮ್ಮ ರಾಜ್ಯದಲ್ಲಿ 2014ರಿಂದ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ. ಮಂಗಳವಾರ ಎಂದರೆ ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವ ದಿನವೂ ಹೌದು. ಈ ಹುಡುಗನ ತಾಯಿ ಒಂಬತ್ತು ಮಂಗಳವಾರ ಅಲ್ಲಿ ದೀಪ ಹಚ್ಚಿದ್ದಾರೆ. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಮಂಗಳವಾರ ವೈದ್ಯರು ಬರುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾವೂ ಬರೆದಿರಲಿಲ್ಲ.

ದೀಪ ಹಚ್ಚುವುದು ಬೇಡ ಎಂದು ನಾವು ಹೇಳುತ್ತಿಲ್ಲ. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ 31 ಮನೋರೋಗಿಗಳನ್ನು ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2002ರಲ್ಲಿ ಬರೆದರು. ಕೆಲವು ವಾರ ಅಲ್ಲಿದ್ದವರ ತೊಂದರೆ ಸುಮಾರು ಶೇ 20ರಷ್ಟು ತಗ್ಗಿತ್ತು. ಅಲ್ಲಿ ಅವರನ್ನು ಬೈಯುವವರಿರಲಿಲ್ಲ, ಮನೆಯವರು ಜೊತೆಗಿದ್ದರು, ಮಾಡಲು ಸಣ್ಣಪುಟ್ಟ ಕೆಲಸವಿತ್ತು. ಮಾತ್ರೆಯ ಜೊತೆಗೆ ಮನುಷ್ಯನಿಗೆ ಇನ್ನೇನೋ ಬೇಕು ಅನ್ನುವುದಕ್ಕೆ ಇದೂ ಸಾಕ್ಷಿ. ದೇವರ ದೀಪವೂ ಇರಲಿ, ಆಸ್ಪತ್ರೆಯ ಚೀಟಿಯೂ ಇರಲಿ. ಆದರೆ ಸರಪಳಿ ಮಾತ್ರ ಎಲ್ಲೂ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ.

ನಮ್ಮ ಮಾತಿಗೆ ಆಕ್ಷೇಪಣೆ ಬರುತ್ತದೆ ಎಂದು ಗೊತ್ತು. ‘ಸಿಬಿಟಿಯಿಂದ ಸಿಗುವ ಲಾಭ ಚಿಕ್ಕದು’ ಎಂದು ಕೆಲವು ವೈದ್ಯರೇ ಹೇಳುತ್ತಾರೆ. ಅದು ನಿಜವೇ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು ಪರಿಣಾಮ ಸಣ್ಣದು ಎಂದೇ ಬರೆದರು. ಎಲ್ಲರಿಗೂ ಇದು ಹಿಡಿಸುವುದೂ ಇಲ್ಲ. ಆದರೆ ನೂರರ ನಂಬಿಕೆ ಅರವತ್ತಕ್ಕೆ ಇಳಿದದ್ದು ಲೆಕ್ಕದಲ್ಲಿ ಚಿಕ್ಕದಿರಬಹುದು, ಆ ಮನೆಗೆ ಚಿಕ್ಕದಲ್ಲ. ಮಾತ್ರೆಯೂ ಎಲ್ಲರಿಗೂ ಪೂರ್ತಿ ಕೆಲಸ ಮಾಡುವುದಿಲ್ಲ. ಹಾಗೆಂದು ಮಾತ್ರೆ ಬೇಡ ಎನ್ನುತ್ತೇವೆಯೇ?

ಇನ್ನೊಂದು ಆಕ್ಷೇಪಣೆ, ‘16 ಭೇಟಿ ಕೊಡಲು ಅಷ್ಟು ಜನ ಎಲ್ಲಿದ್ದಾರೆ’ ಎಂಬುದು. ಪಾಕಿಸ್ತಾನದಲ್ಲಿ ಫಾರೂಕ್ ನಯೀಮ್ ಮತ್ತು ಸಂಗಡಿಗರು ಅಲ್ಲಿನ ಜನರಿಗೆ ಹೊಂದುವ ಹಾಗೆ ಆರೇ ಭೇಟಿಗಳ ಸಿಬಿಟಿ ರೂಪಿಸಿ, ಮನೆಯವರನ್ನೂ ಸೇರಿಸಿಕೊಂಡು ಮಾಡಿದರು. ಮಾತ್ರೆ ಮತ್ತು ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರು ಹೆಚ್ಚು ಸುಧಾರಿಸಿದರು. ನಮ್ಮ ದೇಶದಲ್ಲೇ ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸಾತಾರಾದಲ್ಲಿ 282 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ್ದರು. ಅದು ಸಿಬಿಟಿ ಅಲ್ಲ, ಆದರೆ ಮಾತು ಮತ್ತು ಆಸರೆಯ ಕೆಲಸವೇ. ಬರೀ ಆಸ್ಪತ್ರೆ ಚಿಕಿತ್ಸೆಗಿಂತ ಅದರಿಂದ ಸ್ವಲ್ಪ ಹೆಚ್ಚೇ ಉಪಯೋಗವಾಯಿತು.

ಇಂಗ್ಲಿಷಿನಿಂದ ತಂದ ಪುಸ್ತಕವನ್ನೇ ಓದಿಸಿದರೆ ನಮ್ಮ ಕಡೆ ನಡೆಯದು. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಅಮೆರಿಕ, ಘಾನಾ, ಚೆನ್ನೈನಲ್ಲಿ ದನಿ ಕೇಳುವವರನ್ನು ಮಾತಾಡಿಸಿದರು. ಅಮೆರಿಕದವರಿಗೆ ಕೇಳಿದ್ದು ಹೆಚ್ಚಾಗಿ ಗುರುತಿಲ್ಲದ, ಹೆದರಿಸುವ ದನಿ. ಚೆನ್ನೈನಲ್ಲಿ ಅನೇಕರಿಗೆ ಕೇಳಿದ್ದು ಮನೆಯ ಹಿರಿಯರ ದನಿ, ಅದೂ ಅಡುಗೆ ಮಾಡು, ಸ್ನಾನ ಮಾಡು ಎನ್ನುವ ದನಿ. ನಮ್ಮ ಹುಡುಗನಿಗೂ ಒಂದು ದನಿ ತೀರಿಹೋದ ಅಜ್ಜನದು. ಅದನ್ನು ಅರ್ಥ ಮಾಡಿಕೊಳ್ಳಲು ಕನ್ನಡ ಬೇಕು, ಅದರಲ್ಲೂ ನಮ್ಮ ಕಡೆಯ ಕನ್ನಡ ಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, ಚನ್ನಪಟ್ಟಣದ ಹೆಸರನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿರುವ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಸಾಲುಸಾಲು ಪುಸ್ತಕ ಬರೆದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಆಗುವುದಿಲ್ಲ ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರೂ ಬರಲಿ, ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ರೂಮು ಕೊಡಲಿ. ಜಿಲ್ಲಾ ಕಾರ್ಯಕ್ರಮದಲ್ಲಿ ಈ ಹುದ್ದೆಗಳಿವೆ, ಖಾಲಿ ಇದ್ದರೆ ತುಂಬಲಿ. ಮೊದಲ ಒಂದೆರಡು ಭೇಟಿ ಎದುರಿಗೆ ನಡೆದು, ಉಳಿದವು ಬೇಕಾದರೆ ಫೋನಿನಲ್ಲಿ ನಡೆಯಲಿ. ಊರಿನ ಆರೋಗ್ಯ ಉಪಕೇಂದ್ರದ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ಕೇಳಿಸಿಕೊಳ್ಳುವ ತರಬೇತಿಯನ್ನೂ ಕೊಡಲಿ, ಅದಕ್ಕೆ ತಕ್ಕ ಸಂಬಳವನ್ನೂ ಕೊಡಲಿ. ಇದನ್ನು ಗ್ರಾಮಸಭೆಯಲ್ಲಿ ಕೇಳಿ. ಚರಂಡಿ, ಬೀದಿದೀಪ ಕೇಳಿದ ಹಾಗೆಯೇ ಕೇಳಿ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆಯ ಪ್ರಕಾರ ನಮ್ಮ ಹಕ್ಕು.

ಸರ್ಕಾರ ಮಾಡುವ ತನಕ ಮನೆಯವರು ಮಾಡಬಹುದಾದದ್ದೂ ಇದೆ. ಮನೆಯವರ ಚುಚ್ಚುಮಾತು, ಬೈಗುಳ ಹೆಚ್ಚಿದ್ದಷ್ಟೂ ಈ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಸಂಶೋಧಕರು ದಶಕಗಳಿಂದ ತೋರಿಸಿದ್ದಾರೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ ಸಿನಿಮಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದವಳನ್ನು ಮನೆ ಮತ್ತು ಬೀದಿಯ ನಡವಳಿಕೆಯೇ ಮತ್ತೆ ಕೆಡವುತ್ತದೆ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ದನಿ ಕೇಳುತ್ತಿದ್ದರೆ ವಾದಕ್ಕೆ ಇಳಿಯಬೇಡಿ. ಹೌದು ಹೌದು ಎಂದು ತಲೆಯಾಡಿಸಲೂ ಬೇಡಿ. “ನನಗೆ ಕೇಳ್ತಿಲ್ಲ, ಆದ್ರೆ ನಿನಗೆ ಕೇಳ್ತಿದೆ ಅಂತ ಗೊತ್ತು. ಏನಂತಿದೆ ಹೇಳು” ಅನ್ನಿ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಒಬ್ಬರೇ ಮೂಲೆ ಹಿಡಿದರೆ ಬೇಗ ವೈದ್ಯರಿಗೆ ತೋರಿಸಿ. ದಿನಕ್ಕೊಂದು ಸಣ್ಣ ಕೆಲಸ ಕೊಡಿ. ದನಿ ‘ಸಾಯಿ’ ಎನ್ನುತ್ತಿದ್ದರೆ, ಯಾರಿಗಾದರೂ ಹೊಡಿ ಎನ್ನುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಂಖ್ಯೆ 14416. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ನಮ್ಮಂಥ ಸುದ್ದಿ ಬರೆಯುವವರಿಗೂ ಒಂದು ಮಾತು. ‘ಮಾನಸಿಕ ಅಸ್ವಸ್ಥನ ರಂಪಾಟ’ ಎಂದು ಬರೆಯುವ ಮುಂಚೆ ಒಮ್ಮೆ ನಿಲ್ಲೋಣ. ಚಿಕಿತ್ಸೆಯಲ್ಲಿರುವವರ ಫೋಟೊ, ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಅವರೂ ನಮ್ಮ ಊರಿನವರೇ ತಾನೆ.

ಹುಡುಗ ಈಗ ಹುಳುಮನೆ ನೋಡಿಕೊಳ್ಳುತ್ತಾನೆ. ಮಾತ್ರೆ ಬಿಟ್ಟಿಲ್ಲ. ದನಿ ಈಗಲೂ ಬರುತ್ತದೆ. ಉಳಿದ 11 ಭೇಟಿ ಸಿಕ್ಕಿದ್ದರೆ ಏನಾಗುತ್ತಿತ್ತೋ ಹೇಳುವ ಹಾಗಿಲ್ಲ. ಆದರೆ ಅವು ಸಿಗದೇ ಹೋದದ್ದು ಅವನ ತಪ್ಪಿನಿಂದ ಅಲ್ಲ ಎಂದು ಖಂಡಿತ ಹೇಳಬಹುದು. ಕಳೆದ ವಾರ ಅವನ ಮನೆಗೆ ಹೋಗಿ, ಅವತ್ತು ಕೇಳಬೇಕಿದ್ದ ಮಾತನ್ನು ಕೇಳಿದೆವು. “ಯಾಕೆ ಕಲ್ಲು ಹೊಡೆದೆ?”

“ನಿಲ್ಲಿಸ್ತಾರೇನೋ ಅಂತ ಅಣ್ಣ. ಯಾರಿಗ್ ಹೇಳಿದ್ರೂ ಕೇಳ್ತಿರಲಿಲ್ಲ” ಅಂದ.

ಎಂಟು ಸಾಲಿನ ಆ ಸುದ್ದಿಯಲ್ಲಿ ಇರಬೇಕಾಗಿದ್ದದ್ದು ಈ ಸಾಲು.